ಮೂರು ರಾತ್ರಿಯ ನಂತರ ‘ನಾಟ್ ಫ್ರೋಜನ್’

ಕೊನೆಗೂ ಬಂತು, ‘ನಾಟ್ ಫ್ರೋಜನ್’. ಆ ಒಂದು ‘ನಾಟ್’ ನೋಡೋಕೆ ಮೂರು ರಾತ್ರಿ ಬೇಕಾಯಿತು.

ಹಳೇ ಲ್ಯಾಪ್‌ಟಾಪಿನ 80 ಜಿಬಿ ಸಾಟಾ ಹಾರ್ಡ್ ಡ್ರೈವ್, ಅದರಲ್ಲಿರೋದನ್ನೆಲ್ಲ ಮತ್ತೆ ಸಿಗದ ಹಾಗೆ ಅಳಿಸಬೇಕಿತ್ತು. ಸುಮ್ನೆ ಡಿಡಿ (ಡ್ರೈವಿನ ಮೇಲೆ ನೇರವಾಗಿ ಬರೆಯೋ ಲಿನಕ್ಸ್ ಕಮಾಂಡ್) ಹಾಕಿ ಸೊನ್ನೆ ತುಂಬಿದರೆ ಸಾಲದಾ? ಸಾಮಾನ್ಯವಾಗಿ ಸಾಕು. ಭದ್ರತಾ ಸಂಶೋಧಕ ಪೀಟರ್ ಗುಟ್‌ಮನ್ 1996ರಲ್ಲಿ ಹೇಳಿದ, ಮೇಲೆ ಮೇಲೆ ಬರೆದು ಅಳಿಸೋ 35 ಸುತ್ತು ಆ ಕಾಲದ ಎಂಎಫ್‌ಎಂ, ಆರ್‌ಎಲ್‌ಎಲ್ (ಡೇಟಾ ಬರೆಯೋ ಹಳೇ ಪದ್ಧತಿಗಳು) ಡ್ರೈವ್‌ಗಳನ್ನೂ ಸೇರಿಸಿ ಹಾಕಿದ ಲೆಕ್ಕ. ಈಗಲೂ 35 ಸಲ ಓಡಿಸುವವರಿಗೆ ಪುರುಸೊತ್ತು ಜಾಸ್ತಿ, ಅಷ್ಟೇ. ಆದರೆ ನನ್ನ ಡ್ರೈವಿನ ಸ್ಮಾರ್ಟ್ ವರದಿಯಲ್ಲಿ (ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡೋ ಲೆಕ್ಕ) 14 ರೀಅಲೊಕೇಟೆಡ್ ಸೆಕ್ಟರ್ ಕಂಡವು. ಡ್ರೈವ್ ತಾನೇ ಮೂಲೆಗುಂಪು ಮಾಡಿದ ಆ ಸೆಕ್ಟರ್‌ಗಳ ಹತ್ತಿರ ಡಿಡಿ ಸುಳಿಯೋದೇ ಇಲ್ಲ. ಹಾಗಾಗಿ ಅವನ್ನೂ ಸೇರಿಸಿ ಡ್ರೈವ್ ತನ್ನನ್ನು ತಾನೇ ಅಳಿಸಿಕೊಳ್ಳೋ ಎನ್‌ಹ್ಯಾನ್ಸ್‌ಡ್ ಸೆಕ್ಯೂರ್ ಇರೇಸೇ ಆಗಬೇಕು ಅಂತ ಹಟ ಹಿಡಿದೆ.

ಆ ಆದೇಶ ಕೊಡೋ ಲಿನಕ್ಸ್ ಕಮಾಂಡ್ ಎಚ್‌ಡಿಪಾರ್ಮ್. ಅದನ್ನು ಕೇಳಿದರೆ ‘ಫ್ರೋಜನ್’, ಅಂದರೆ ಡ್ರೈವಿನ ಸೆಕ್ಯುರಿಟಿ ಕಮಾಂಡ್‌ಗಳಿಗೆ ಬೀಗ. ಪ್ರತಿ ಸಲ ಬೂಟ್ ಆಗುವಾಗ ಬಯಾಸ್ (ಕಂಪ್ಯೂಟರನ್ನು ಎಬ್ಬಿಸೋ ಮೊದಲ ತಂತ್ರಾಂಶ) ಈ ಬೀಗ ಹಾಕುತ್ತೆ. ಯಾವುದೋ ವೈರಸ್ ಬಂದು ಡ್ರೈವಿಗೆ ಪಾಸ್‌ವರ್ಡ್ ಇಡಬಾರದು ಅಂತ. ಒಳ್ಳೆಯದೇ, ಆದರೆ ಮನೆಯ ಯಜಮಾನನನ್ನೇ ಹೊರಗೆ ನಿಲ್ಲಿಸಿದರೆ?

ಸಸ್ಪೆಂಡ್ ಮಾಡಿ ಎಬ್ಬಿಸಿದರೆ ಬೀಗ ಬಿಡುತ್ತೆ, ಎಲ್ಲರಿಗೂ ಗೊತ್ತಿರೋ ಉಪಾಯ. ನನ್ನದು ಮಲಗಿತು. ಏಳಲಿಲ್ಲ. ಫ್ಯಾನ್ ತಿರುಗುತ್ತೆ, ಪರದೆ ಕಪ್ಪು. ಹನ್ನೊಂದು ಸಲ ಮಾಡಿದೆ, ಹನ್ನೊಂದು ಸಲವೂ ಅದೇ ಕಥೆ.

ಎರಡನೇ ರಾತ್ರಿ ಯುಎಸ್‌ಬಿ ಅಡಾಪ್ಟರ್. ಡಬ್ಬಿಯ ಮೇಲೆ ‘ಎಲ್ಲ ಡ್ರೈವ್‌ಗಳಿಗೂ’ ಅಂತ ದಪ್ಪಕ್ಷರ. ಒಳಗಿನ ಚಿಪ್ ಸೆಕ್ಯುರಿಟಿ ಕಮಾಂಡ್‌ಗಳನ್ನು ಆಚೆ ದಾಟಿಸೋದೇ ಇಲ್ಲ. ಮಾರಿದವರನ್ನು ಕೇಳಿದರೆ ‘ಫಾರ್ಮ್ಯಾಟ್ ಮಾಡಿ ನೋಡಿ’ ಅಂದರು. ಆಹಾ.

ಮೂರನೇ ರಾತ್ರಿ ಡ್ರೈವ್ ಬಿಚ್ಚಿ ಹಳೇ ಡೆಸ್ಕ್‌ಟಾಪಿಗೆ ಹೋದೆ. ಲಿನಕ್ಸ್ ಪೂರ್ತಿ ಎದ್ದ ಮೇಲೆ ಡ್ರೈವಿಗೆ ಕೇಬಲ್ ಚುಚ್ಚಬೇಕು. ಆಗ ಬಯಾಸ್ ಕಣ್ಣಿಗೆ ಅದು ಬೀಳೋದೇ ಇಲ್ಲವಲ್ಲ! ಚುಚ್ಚಿದೆ. ಡ್ರೈವ್ ಗುಂಯ್ ಅಂತು. ಲಿನಕ್ಸಿನ ತಿರುಳಾದ ಕರ್ನಲ್‌ಗೆ ಮಾತ್ರ ಸುದ್ದಿಯೇ ಇಲ್ಲ. ಅರ್ಧ ಗಂಟೆ ಕೇಬಲ್‌ಗೆ ಬೈದೆ. ತಪ್ಪು ನನ್ನದೇ: ಬಯಾಸ್‌ನಲ್ಲಿ ಸಾಟಾ ಮೋಡ್ ಐಡಿಇ ಅಂತಿತ್ತು, ಮಧ್ಯೆ ಚುಚ್ಚಿದ ಡ್ರೈವನ್ನು ಗುರುತಿಸದ ಹಳೇ ಪದ್ಧತಿ. ಎಎಚ್‌ಸಿಐಗೆ ಬದಲಿಸಿ ಮತ್ತೆ ಚುಚ್ಚಿದೆ, ತಕ್ಷಣ ಬಂತು. (ಅಗಲ ರಿಬ್ಬನ್ ಕೇಬಲ್ಲಿನ ನಿಜವಾದ ಐಡಿಇ ಡ್ರೈವ್ ಇದ್ದರೆ ಈ ಸಾಹಸ ಬೇಡ, ಬೋರ್ಡ್ ಹೋದೀತು.)

ಇರೇಸ್‌ಗೆ ಮೊದಲು ಬೇಕಾದ ಪಾಸ್‌ವರ್ಡ್ ಇಟ್ಟು ಇರೇಸ್ ಕೊಟ್ಟೆ. ಮಧ್ಯೆ ಕರೆಂಟು ಹೋದರೆ ಡ್ರೈವ್ ಲಾಕ್ ಆಗೇ ಉಳಿಯುತ್ತೆ. ಅದಕ್ಕೇ ಯುಪಿಎಸ್ ಹಾಕಿ, ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿದೆ. ಪಾಸ್‌ವರ್ಡ್ ಏನು ಗೊತ್ತಾ? ‘ಪಿ’. ಒಂದೇ ಅಕ್ಷರ.

ಕಾಯುವಾಗ ಪಕ್ಕದಲ್ಲಿದ್ದ ಸತ್ತ ಡ್ರೈವ್ ಬಿಚ್ಚಿದೆ. ಒಳಗಿನ ಎರಡು ಅಯಸ್ಕಾಂತ ಸ್ಕ್ರೂಡ್ರೈವರ್ ತೂಗುಹಾಕೋ ಪಟ್ಟಿಗೆ ಹೇಳಿ ಮಾಡಿಸಿದ ಹಾಗಿವೆ. ಮರದ ತುಂಡು ಆಗಲೇ ಹುಡುಕಿಟ್ಟಿದ್ದೇನೆ. ಬೆರಳೂ ಒಮ್ಮೆ ಮಧ್ಯೆ ಸಿಕ್ಕಿತು.

44 ನಿಮಿಷಕ್ಕೆ ಮುಗಿಯಿತು. ಪಾಸ್‌ವರ್ಡ್ ತಾನಾಗೇ ಹೋಗಿತ್ತು. ಡ್ರೈವಿನಲ್ಲಿ ಏನಿದೆ ಅಂತ ತೋರಿಸೋ ಹೆಕ್ಸ್‌ಡಂಪ್ ಹಾಕಿದೆ: ಒಂದು ಸಾಲು ಸೊನ್ನೆ, ಅದರ ಕೆಳಗೆ ಒಂದು ನಕ್ಷತ್ರ (ಮುಂದೆಲ್ಲ ಅದೇ ಅಂತ), ಅದರ ಕೆಳಗೆ ಡ್ರೈವಿನ ಕೊನೆ.