ತಮ್ಮನ ಹೈಟ್ ಸರ್ಜರಿ, ಇಸ್ತಾಂಬುಲ್ ಪ್ಲಾನ್, ಮತ್ತೆ ನಾನು ಹಾಕಿರೋ ಷರತ್ತುಗಳು

ನನ್ನ ತಮ್ಮ ಕಾಲಿನ ಮೂಳೆ ಕಟ್ ಮಾಡಿ ಉದ್ದ ಮಾಡೋ ಆಪರೇಷನ್ ಮಾಡಿಸ್ಕೊಂಡು ಹೈಟ್ ಜಾಸ್ತಿ ಮಾಡ್ಕೊಳ್ಳೋಕೆ ಟರ್ಕಿಯ ಇಸ್ತಾಂಬುಲ್‌ಗೆ ಹೋಗ್ಬೇಕು ಅಂತಿದಾನೆ, ಹೋದ್ರೆ ಜೊತೆಗೆ ನಾನೂ ಹೋಗ್ತೀನಿ. ಇದನ್ನ ಯಾರಿಗೆ ಹೇಳಿದ್ರೂ ಮೊದಲು ಕೇಳೋದು ಎಷ್ಟು ಖರ್ಚಾಗುತ್ತೆ ಅಂತ, ಆಮೇಲೆ ಯಾಕ್ ಬೇಕಿತ್ತು ಇದೆಲ್ಲ ಅಂತ. ಆಪರೇಷನ್ ಆದ್ಮೇಲೆ ಏನು ಅಂತ ಒಬ್ರೂ ಕೇಳಲ್ಲ, ಕ್ಲಿನಿಕ್‌ನೋರು ಕಳಿಸಿದ ಪ್ಯಾಕೇಜ್ ಪೇಪರಲ್ಲೂ ಅದರ ಬಗ್ಗೆ ಎರಡು ಸಾಲು ಇದೆ ಅಷ್ಟೆ. ನಾನು ಮೈಸೂರಲ್ಲಿ ಫಿಸಿಯೋಥೆರಪಿಸ್ಟ್. ನನ್ನ ಹತ್ರ ಜನ ಬರೋದೇ ಆಪರೇಷನ್ ಆದ್ಮೇಲೆ, ಮಂಡಿ ಮಡಚಕ್ಕೆ ಬರ್ತಿಲ್ಲ, ಪಾದ ಮೇಲಕ್ಕೆ ಎತ್ತಕ್ಕಾಗ್ತಿಲ್ಲ ಅಂತ. ಹಾಗಾಗಿ ನನ್ನ ಕಣ್ಣು ಮೊದಲು ಹೋಗೋದೇ ಆ ಎರಡು ಸಾಲಿನ ಕಡೆಗೆ.

ಯಾಕೆ ಅನ್ನೋದನ್ನ ಬೇಗ ಹೇಳ್ಬಿಡ್ತೀನಿ. ಅವನ ಹೈಟ್ 162 ಸೆಂಟಿಮೀಟರ್. ಪಿಯುಸಿ ಆದ್ಮೇಲೆ ಪೊಲೀಸ್ ಕಾನ್‌ಸ್ಟೇಬಲ್ ಆಗ್ಬೇಕು ಅಂತ ಬೆಳಗ್ಗೆ ಬೆಳಗ್ಗೆ ಎದ್ದು ಓಡ್ತಿದ್ದ, ಗಂಡಸರಿಗೆ 168 ಬೇಕು ಅಂತ ಗೊತ್ತಾದ ದಿನ ಓಡೋದೇ ನಿಲ್ಲಿಸಿದ. ಈಗ ಬೆಂಗಳೂರಲ್ಲಿ ಒಳ್ಳೆ ಕೆಲಸ ಇದೆ, ಆದ್ರೆ ಮದುವೆಗೆ ಬಯೋಡೇಟಾ ಕಳಿಸಿದ್ರೆ ಹೈಟ್ ನೋಡಿ ಸುಮ್ಮನಾಗ್ತಾರೆ. ನೆಂಟರ ಮನೆ ಫಂಕ್ಷನ್‌ನಲ್ಲಿ ಕುಳ್ಳ ಅಂತ ಪ್ರೀತಿಯಿಂದಾನೇ ಕರೀತಾರೆ, ಅವನು ನಕ್ಕು ಸುಮ್ಮನಾಗ್ತಾನೆ, ಆಮೇಲೆ ಊಟಕ್ಕೂ ಕೂರದೆ ಹೊರಟು ಹೋಗ್ತಾನೆ. ಇದೆಲ್ಲ ಸಣ್ಣ ವಿಷಯ ಬಿಡೋ ಅಂತ ಅನ್ನೋಕೆ ನನಗೆ ಬಾಯಿ ಬರಲ್ಲ. ಆದ್ರೂ ಮೊದಲ ಷರತ್ತು ಅಂತ ಒಬ್ಬ ಸೈಕಿಯಾಟ್ರಿಸ್ಟ್ ಹತ್ರ ಕಳಿಸಿದೆ, ಯಾಕಂದ್ರೆ ಎಷ್ಟು ಸೆಂಟಿಮೀಟರ್ ಸಿಕ್ಕಿದ್ರೂ ಸಾಕಾಗದೆ ಇರೋ ಮನಸ್ಥಿತಿ ಅಂತ ಒಂದಿದೆ, ಅದಿದ್ರೆ ಆಪರೇಷನ್ ಮಾಡಿಸಿ ಉಪಯೋಗ ಇಲ್ಲ. ಅವನು ಒಂದು ಅಪಾಯಿಂಟ್‌ಮೆಂಟೂ ತಪ್ಪಿಸದೆ ಹೋದ. ಆಮೇಲೂ ಬೇಕು ಅಂದ, ಆದ್ರೆ ಮೊದಲಿನ ಆ ಅವಸರ ಹೋಗಿತ್ತು. ಎಂಟು ಸೆಂಟಿಮೀಟರ್ ಅಂತಿದ್ದೋನು ಆರಕ್ಕೆ ಇಳಿದ.

ಈಗ ಇದು ಹೆಂಗೆ ಕೆಲಸ ಮಾಡುತ್ತೆ ಅಂತ ಹೇಳ್ತೀನಿ. ಸೈಬೀರಿಯಾ ಕಡೆ ಕುರ್ಗಾನ್ ಅಂತ ಒಂದು ಊರಿದೆ, ಅಲ್ಲಿ ಗವ್ರೀಲ್ ಇಲಿಝಾರೋವ್ ಅನ್ನೋ ಡಾಕ್ಟರ್ 1950ರ ದಶಕದಲ್ಲಿ ಕಾಲಿನ ಸುತ್ತ ರಿಂಗ್ ಹಾಕಿ ತಂತಿಗಳಲ್ಲಿ ಮೂಳೆ ಹಿಡಿದು ನಿಲ್ಲಿಸೋ ವಿಧಾನ ಕಂಡುಹಿಡಿದ್ರು. ಮೂಳೆಯನ್ನ ಹುಷಾರಾಗಿ ಕಟ್ ಮಾಡಿ, ಒಂದು ವಾರದ ಹತ್ರ ಹಾಗೇ ಬಿಟ್ಟು, ಆಮೇಲೆ ದಿನಕ್ಕೆ ಒಂದು ಮಿಲಿಮೀಟರ್, ಅದನ್ನೂ ಒಂದೇ ಸಲಕ್ಕಲ್ಲ ಕಾಲು ಕಾಲು ಮಿಲಿಮೀಟರ್ ಅಂತ ನಾಲ್ಕು ಸಲ ದೂರ ಮಾಡ್ತಾ ಹೋದ್ರೆ, ಮಧ್ಯದ ಜಾಗದಲ್ಲಿ ದೇಹ ತಾನೇ ಹೊಸ ಮೂಳೆ ಕಟ್ಟುತ್ತೆ. ಜೋರಾಗಿ ಎಳೆದ್ರೆ ಮೂಳೆ ಕಟ್ಟಲ್ಲ, ನಿಧಾನ ಆದ್ರೆ ಬೇಕಾದಷ್ಟು ಉದ್ದ ಆಗೋ ಮುಂಚೆನೇ ಕೂಡ್ಕೊಂಡು ಬಿಡುತ್ತೆ. ರಷ್ಯಾದ ಹೈಜಂಪ್ ಆಟಗಾರ ವಲೇರಿ ಬ್ರೂಮೆಲ್ 1964ರ ಟೋಕಿಯೋ ಒಲಿಂಪಿಕ್ಸಲ್ಲಿ ಚಿನ್ನ ಗೆದ್ದು, ಮರುವರ್ಷ ಬೈಕ್ ಆಕ್ಸಿಡೆಂಟಲ್ಲಿ ಕಾಲು ನುಜ್ಜುಗುಜ್ಜು ಮಾಡ್ಕೊಂಡು, ಎಷ್ಟೋ ಆಪರೇಷನ್ ಆದ್ರೂ ಸರಿ ಹೋಗದೆ ಕೊನೆಗೆ ಇಲಿಝಾರೋವ್ ಹತ್ರ ಹೋದ್ರು, ಆಮೇಲೆ ಮತ್ತೆ ಎರಡು ಮೀಟರ್ ಮೇಲೆ ಜಿಗಿದ್ರು. ನಮ್ಮಲ್ಲೂ ಹೈವೇ ಆಕ್ಸಿಡೆಂಟ್ ಆದೋರಿಗೆ, ಮೂಳೆಗೆ ಕೀವಾದೋರಿಗೆ ಈ ರಿಂಗ್ ಹಾಕ್ತಾರೆ, ಅಂಥೋರಿಗೆ ನಾನು ಎಕ್ಸರ್ಸೈಜ್ ಮಾಡಿಸಿದೀನಿ. ಅವರ ನೋವು ಎಂಥದು ಅಂತ ನೋಡಿರೋದ್ರಿಂದಾನೇ, ನಡೆಯೋ ಕಾಲಿಗೆ ಇದನ್ನ ಮಾಡಿಸ್ಕೋತೀನಿ ಅಂತ ತಮ್ಮ ಹೇಳಿದಾಗ ನನಗೆ ಹೊಟ್ಟೆಯೊಳಗೆ ಸಂಕಟ ಆಗಿದ್ದು.

ಈಗ ಹೊರಗೆ ರಿಂಗ್ ಇಲ್ಲದೆ ಮೂಳೆ ಒಳಗೇ ಹಾಕೋ ರಾಡ್ ಬಂದಿದೆ. ಅಮೆರಿಕದ ಪ್ರಿಸೈಸ್ ಅನ್ನೋ ರಾಡ್ ಒಳಗೆ ಮ್ಯಾಗ್ನೆಟ್ ಇರುತ್ತೆ, ತೊಡೆ ಮೇಲೆ ಒಂದು ಮಷಿನ್ ಇಟ್ರೆ ಆ ಮ್ಯಾಗ್ನೆಟ್ ತಿರುಗಿ ರಾಡ್ ಉದ್ದ ಆಗುತ್ತೆ, ಹೋಟೆಲ್ ರೂಮಲ್ಲೇ ಮಾಡ್ಕೋಬಹುದು. ದುಡ್ಡು ಕಮ್ಮಿ ಇರೋರಿಗೆ ಒಳಗೆ ಮಾಮೂಲಿ ರಾಡು ಹೊರಗೆ ಫ್ರೇಮು ಎರಡೂ ಹಾಕಿ, ಎಳೆಯೋದು ಮುಗಿದ ತಕ್ಷಣ ಫ್ರೇಮ್ ತೆಗೀತಾರೆ. ತಮ್ಮ ಮ್ಯಾಗ್ನೆಟ್ ರಾಡೇ ಬೇಕು ಅಂದ, ನನಗೂ ಅದೇ ಸರಿ ಅನ್ಸಿದೆ, ಚರ್ಮದಿಂದ ಹೊರಗೆ ಬರೋ ಕಂಬಿಗಳಿದ್ರೆ ಅಲ್ಲಿ ಕೀವಾಗೋದು ತುಂಬ ಸಾಮಾನ್ಯ, ಪರದೇಶದಲ್ಲಿ ಅದೊಂದು ತಲೆನೋವು ಬೇರೆ ಬೇಡ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳ್ಬೇಕು. ಅವನು ನನಗೆ ಕಳಿಸ್ತಿದ್ದ ವಿಡಿಯೋಗಳಲ್ಲಿ ಹುಡುಗರು ಆಪರೇಷನ್ ಆದ ಕೆಲವೇ ದಿನಕ್ಕೆ ಎದ್ದು ನಡೆದಾಡ್ತಿದ್ರು. ಆ ವಿಡಿಯೋಗಳ ತಾರೀಕು ನೋಡಿದೆ, 2018 ಆದ್ಮೇಲೆ 2021ಕ್ಕೆ ಮುಂಚೆ. ಆ ಟೈಮಲ್ಲಿ ಸ್ಟ್ರೈಡ್ ಅಂತ ಪ್ರಿಸೈಸ್‌ದೇ ಇನ್ನೊಂದು ರಾಡ್ ಇತ್ತು, ಸ್ಟೀಲ್‌ದು, ಮೈ ಭಾರ ಪೂರ್ತಿ ತಡ್ಕೊಳ್ತಿತ್ತು. ಆಮೇಲೆ ಅದರ ಜಾಯಿಂಟ್ ಹತ್ರ ತುಕ್ಕು, ಅದರ ಸುತ್ತ ಮೂಳೇಲಿ ಬದಲಾವಣೆ ಕಾಣಿಸ್ಕೊಂಡು 2021ರಲ್ಲಿ ಕಂಪನಿಯೋರೇ ಮಾರ್ಕೆಟ್‌ನಿಂದ ವಾಪಸ್ ತಗೊಂಡ್ರು. ಇವನಿಗೆ ಹಾಕೋಕೆ ಹೊರಟಿರೋ ರಾಡ್ ಟೈಟಾನಿಯಂದು, ಅದರ ಮೇಲೆ ಪೂರ್ತಿ ಭಾರ ಹಾಕೋ ಹಾಗಿಲ್ಲ, ಹಾಕಿದ್ರೆ ರಾಡೇ ಬಾಗಬಹುದು ಇಲ್ಲ ಮುರೀಬಹುದು. ಎರಡೂ ಕಾಲಿಗೂ ಒಟ್ಟಿಗೆ ಮಾಡೋದ್ರಿಂದ ತಿಂಗಳುಗಟ್ಟಲೆ ವೀಲ್‌ಚೇರು, ಅಲ್ಪಸ್ವಲ್ಪ ವಾಕರ್ ಅಷ್ಟೆ. ಹಳೇ ವಿಡಿಯೋ ನೋಡಿ ತಿಂಗಳೊಳಗೆ ಆಫೀಸಿಗೆ ಹೋಗ್ತೀನಿ ಅಂತ ಲೆಕ್ಕ ಹಾಕ್ಕೊಂಡಿರೋ ಹುಡುಗರು ಇನ್ನೂ ಎಷ್ಟು ಜನ ಇದಾರೋ ಅಂತ ನೆನೆಸ್ಕೊಂಡ್ರೆ ಭಯ ಆಗುತ್ತೆ.

ಈಗ ಆ ಎರಡು ಸಾಲಿಗೆ ಬರ್ತೀನಿ. ಆರು ಸೆಂಟಿಮೀಟರ್ ಅಂದ್ರೆ ಅರವತ್ತು ದಿನ ಎಳೆಯೋದು. ಮೊದಲಿನ ಒಂದು ವಾರ ಸೇರಿಸಿ, ನೋವು ಜಾಸ್ತಿ ಆದಾಗ ವೇಗ ಕಮ್ಮಿ ಮಾಡೋ ದಿನಗಳನ್ನೂ ಸೇರಿಸಿದ್ರೆ ಎರಡೂವರೆ ತಿಂಗಳು ದಾಟುತ್ತೆ. ಹೊಸ ಮೂಳೆ ಗಟ್ಟಿ ಆಗೋಕೆ ಪ್ರತಿ ಸೆಂಟಿಮೀಟರ್‌ಗೆ ಒಂದು ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ. ಓಡೋದು ಗೀಡೋದು ವರ್ಷದ ಮೇಲಿನ ಮಾತು. ತಮ್ಮನ ಪ್ಲಾನ್ ಏನಿತ್ತು ಅಂದ್ರೆ ಮೂರು ವಾರ ಅಲ್ಲಿದ್ದು, ಮಷಿನ್ ಬಾಡಿಗೆಗೆ ತಗೊಂಡು ಬೆಂಗಳೂರಿಗೆ ಬಂದು, ರೂಮಲ್ಲಿ ಕೂತ್ಕೊಂಡು ಉದ್ದ ಮಾಡ್ಕೊಳ್ಳೋದು. ಕ್ಲಿನಿಕ್‌ನೋರೂ ಆಗುತ್ತೆ ಅಂದಿದ್ರು.

ನಾನು ಆಗಲ್ಲ ಅಂದೆ.

ಯಾಕಂದ್ರೆ ಮೂಳೆ ದಿನಕ್ಕೊಂದು ಮಿಲಿಮೀಟರ್ ಬೆಳೆದ್ರೂ ಸ್ನಾಯು, ನರ ಅದೇ ವೇಗದಲ್ಲಿ ಬರಲ್ಲ. ತೊಡೆ ಮೂಳೆ ಉದ್ದ ಮಾಡಿದಾಗ ತೊಡೆಯ ಮುಂದಿನ ಸ್ನಾಯು ಬಿಗಿದು ಮಂಡಿ ಮಡಚಕ್ಕೆ ಬರಲ್ಲ, ಹಿಂದಿನದು ಬಿಗಿದ್ರೆ ಮಂಡಿ ನೆಟ್ಟಗಾಗಲ್ಲ, ಸೊಂಟದ ಮುಂಭಾಗ ಬಿಗಿದ್ರೆ ನಿಂತಾಗ ಬೆನ್ನು ಬಾಗಿ ಹಿಂಭಾಗ ಹೊರಗೆ ಚಾಚ್ಕೊಳ್ಳುತ್ತೆ. ಮೊಣಕಾಲ ಕೆಳಗಿನ ಮೂಳೆ ಉದ್ದ ಮಾಡ್ಸಿದೋರಿಗೆ ಹಿಮ್ಮಡಿ ನೆಲಕ್ಕೆ ತಾಗದೆ ಬೆರಳ ಮೇಲೆ ನಿಲ್ಲೋ ಹಾಗಾಗುತ್ತೆ, ನಾವು ತೊಡೆ ಆರಿಸ್ಕೊಳ್ಳೋಕೆ ಅದೂ ಒಂದು ಕಾರಣ. ಇದನ್ನೆಲ್ಲ ತಡೆಯೋಕೆ ದಿನಾ ಸ್ಟ್ರೆಚಿಂಗ್ ಬೇಕು, ಅದೂ ಮಾಡ್ಸೋರು ಗೊತ್ತಿರೋರು ಆಗಿರ್ಬೇಕು, ಮೂಳೆ ಕೂಡದೆ ಇರೋ ಕಾಲನ್ನ ಜೋರಾಗಿ ಎಳೆದ್ರೆ ಬೇರೆ ಅನಾಹುತ. ವಾರ ಹತ್ತು ದಿನಕ್ಕೊಂದು ಎಕ್ಸ್‌ರೇ ತೆಗೆದು ಮೂಳೆ ಕಟ್ತಾ ಇದೆಯಾ ಅಂತ ನೋಡಿ, ವೇಗ ಹೆಚ್ಚಿಸೋದೋ ಇಳಿಸೋದೋ ಅಂತ ಆಪರೇಷನ್ ಮಾಡಿದೋರೇ ಹೇಳ್ಬೇಕು. ಪಾದ ಜೋಮು ಹಿಡೀತು, ಹೆಬ್ಬೆರಳು ಮೇಲಕ್ಕೆ ಬರ್ತಿಲ್ಲ ಅಂದ್ರೆ ಅವತ್ತೇ ಎಳೆಯೋದು ನಿಲ್ಲಿಸ್ಬೇಕು, ವಾಟ್ಸಾಪಲ್ಲಿ ಮೆಸೇಜ್ ಹಾಕಿ ಉತ್ತರಕ್ಕೆ ಕಾಯೋ ವಿಷಯ ಅಲ್ಲ ಅದು. ಮೇಲಾಗಿ ಆಪರೇಷನ್ ಆದ ಹೊಸದರಲ್ಲಿ ಕಾಲಲ್ಲಿ ರಕ್ತ ಹೆಪ್ಪುಗಟ್ಟೋ ಅಪಾಯ ಇದ್ದೇ ಇದೆ, ಅಂಥ ಟೈಮಲ್ಲಿ ಅಷ್ಟು ದೂರ ಫ್ಲೈಟಲ್ಲಿ ಕೂರಿಸೋಕೆ ನನಗೆ ಧೈರ್ಯ ಇಲ್ಲ. ಎಳೆಯೋದು ಮುಗಿಯೋವರೆಗೂ ಅಲ್ಲೇ ಇರ್ಬೇಕು, ಇದು ಎರಡನೇ ಷರತ್ತು.

ಹಾಗಂದ ತಕ್ಷಣ ವೀಸಾ ಲೆಕ್ಕ ಬಂತು. ಅಮೆರಿಕ, ಯುಕೆ, ಯುರೋಪಿನ ಷೆಂಗೆನ್ ವೀಸಾ ಇರೋ ಭಾರತೀಯರಿಗೆ ಟರ್ಕಿ ಇ-ವೀಸಾ ಸಿಗುತ್ತೆ, ಆದ್ರೆ ಅದು ಒಂದೇ ತಿಂಗಳಿಗೆ. ನಮ್ಮಿಬ್ಬರ ಹತ್ರ ಆ ಯಾವ ವೀಸಾನೂ ಇಲ್ಲ, ಸ್ಟಿಕ್ಕರ್ ವೀಸಾನೇ ಹಾಕ್ಬೇಕು, ಅದರಲ್ಲೂ 180 ದಿನದಲ್ಲಿ 90 ದಿನದ ಮೇಲೆ ಇರೋ ಹಾಗಿಲ್ಲ ಅನ್ನೋ ನಿಯಮ ಇದೆ. ಎಂಟು ಸೆಂಟಿಮೀಟರ್ ಆಗಿದ್ರೆ ಅಲ್ಲಿಗೇ ಮುಗೀತಿತ್ತು, ಒಂದೆರಡು ವಾರ ಹೆಚ್ಚು ಕಮ್ಮಿ ಆದ್ರೆ ಕಾಲು ಅರ್ಧ ಎಳೆದಿರೋವಾಗ ದೇಶ ಬಿಡ್ಬೇಕಾಗಿ ಬರ್ತಿತ್ತು. ಆರು ಸಾಕು ಅಂತ ಗಟ್ಟಿಯಾಗಿ ಕೂತಿದ್ದಕ್ಕೆ ಈ ಲೆಕ್ಕನೂ ಸೇರ್ಕೊಂಡಿದೆ. ಇಸ್ತಾಂಬುಲ್ ಏರು ತಗ್ಗಿನ ಊರು, ವೀಲ್‌ಚೇರ್ ತಳ್ಳಕ್ಕೆ ಆಗೋ ಸಮತಟ್ಟು ರಸ್ತೆ, ಲಿಫ್ಟು, ಅಡುಗೆಮನೆ ಇರೋ ಮನೆ ಹುಡುಕ್ತಿದೀನಿ. ರಾಗಿಹಿಟ್ಟು, ಹುರುಳಿಕಾಳು ಇಲ್ಲಿಂದ್ಲೇ ತಗೊಂಡು ಹೋಗೋದು, ಮೂಳೆ ಕಟ್ಟೋ ಟೈಮಲ್ಲಿ ಅವನು ಹೊಟ್ಟೆ ತುಂಬ ಉಣ್ಬೇಕು.

ದುಡ್ಡಿನ ವಿಷಯ. ಅವನಿಗೆ ಬಂದಿರೋ ಕೊಟೇಶನ್ ನಮ್ಮ ರೂಪಾಯಿಗೆ ನಲವತ್ತು ಲಕ್ಷದ ಹತ್ರ, ಅಮೆರಿಕದಲ್ಲಾದ್ರೆ ಇದರ ಎರಡರಷ್ಟಾದ್ರೂ ಬೇಕು. ಬ್ಯಾಂಕಿಂದ ಹೊರದೇಶಕ್ಕೆ ಕಳಿಸೋಕೆ ರಿಸರ್ವ್ ಬ್ಯಾಂಕ್‌ನ ಎಲ್‌ಆರ್‌ಎಸ್ ಸ್ಕೀಮಿನ ಮಿತಿ ವರ್ಷಕ್ಕೆ 2,50,000 ಡಾಲರ್, ಅದರೊಳಗೆ ಆರಾಮಾಗಿ ಬರುತ್ತೆ. ಹೆಲ್ತ್ ಇನ್ಶೂರೆನ್ಸ್ ಒಂದು ರೂಪಾಯಿ ಕೊಡಲ್ಲ, ಕಾಸ್ಮೆಟಿಕ್ ಸರ್ಜರಿ ಪಾಲಿಸಿಯ ಹೊರಗೆ. ನಾನು ಅವನಿಗೆ ಹೇಳಿರೋದು ಇಷ್ಟು: ಕೊಟೇಶನ್ ಪೂರ್ತಿ ಕಟ್ಟಿದ ಮೇಲೂ ಹತ್ತು ಲಕ್ಷ ಮುಟ್ಟದೆ ಎತ್ತಿಟ್ಟಿರ್ಬೇಕು. ಮೂಳೆ ಕೂಡದೆ ಹೋದ್ರೆ ಸೊಂಟದಿಂದ ಮೂಳೆ ತೆಗೆದು ಇಡೋ ಆಪರೇಷನ್ ಬೇಕಾಗುತ್ತೆ, ಎಲ್ಲ ಚೆನ್ನಾಗೇ ಆದ್ರೂ ವರ್ಷ ಒಂದೂವರೆ ವರ್ಷ ಆದ್ಮೇಲೆ ರಾಡ್ ತೆಗೆಸ್ಬೇಕು, ಅದೂ ಆಪರೇಷನ್ನೇ. ಆ ದುಡ್ಡಿಲ್ಲದೆ ಹೊರಡೋ ಹಾಗಿಲ್ಲ.

ಇಲ್ಲೇ ಮಾಡ್ಸಬಹುದಲ್ಲ ಅಂತ ಕೇಳ್ತೀರ. ಭಾರತದಲ್ಲೂ ಮಾಡೋ ಡಾಕ್ಟರ್‌ಗಳಿದಾರೆ. ಬೆಂಗಳೂರಲ್ಲಿ ಒಬ್ರನ್ನ ಕೇಳಿದಾಗ ಬರೀ ಹೈಟಿಗೋಸ್ಕರ ನಾನು ಮಾಡಲ್ಲ ಅಂದ್ರು, ಅವರ ಮೇಲೆ ನನಗೆ ಗೌರವ ಇದೆ. 2016ರಲ್ಲಿ ಹೈದರಾಬಾದಲ್ಲಿ ಒಬ್ಬ ಹುಡುಗ ಮನೇಲಿ ಹೇಳದೆ ಈ ಆಪರೇಷನ್ ಮಾಡಿಸ್ಕೊಂಡು, ಅಪ್ಪ ಅಮ್ಮ ಮಗ ಕಾಣ್ತಿಲ್ಲ ಅಂತ ಹುಡುಕಿ, ಆಮೇಲೆ ಆಸ್ಪತ್ರೇಲಿ ಸಿಕ್ಕಿ ದೊಡ್ಡ ಗಲಾಟೆ ಆಗಿತ್ತು. ಚೀನಾ 2006ರಲ್ಲೇ ಬರೀ ಅಂದಕ್ಕೋಸ್ಕರ ಇದನ್ನ ಮಾಡೋದು ನಿಷೇಧಿಸಿತು. ತಮ್ಮನಿಗೆ ಬೇಕಾಗಿದ್ದು ಯಾರೂ ನೋಡದ ಜಾಗ, ಇಲ್ಲಿ ಆಸ್ಪತ್ರೆಗೆ ಹೋದ್ರೆ ಸಂಜೆಯೊಳಗೆ ನೆಂಟರಿಷ್ಟರೆಲ್ಲ ಹಣ್ಣು ಹಿಡ್ಕೊಂಡು ಬರ್ತಾರೆ ಅಂತಾನೆ. ಅದು ನನಗೆ ಅರ್ಥ ಆಗುತ್ತೆ. ಆದ್ರೆ ಅಪ್ಪ ಅಮ್ಮಂಗೆ ಹೇಳದೆ ಹೋಗೋದು ಮಾತ್ರ ಬೇಡ ಅಂದೆ, ಅದು ಮೂರನೇ ಷರತ್ತು. ಎರಡೂ ತೊಡೆ ಮೂಳೆ ಒಟ್ಟಿಗೆ ಕೊರೆಯೋವಾಗ ಮಜ್ಜೆಯ ಕೊಬ್ಬು ರಕ್ತಕ್ಕೆ ಸೇರಿ ಶ್ವಾಸಕೋಶಕ್ಕೆ ಹೋಗೋ ಅಪಾಯ ಇದೆ, ಅಪರೂಪ, ಆದ್ರೆ ಪ್ರಾಣಕ್ಕೇ ಬರುತ್ತೆ. ಅಂಥದೇನಾದ್ರೂ ಆದ್ರೆ ಆ ಸುದ್ದಿಯನ್ನ ಏನೂ ಗೊತ್ತಿಲ್ಲದ ಅಮ್ಮಂಗೆ ಫೋನಲ್ಲಿ ನಾನು ಹೇಳ್ಬೇಕಾ?

ಅವನೇ ಊರಿಗೆ ಹೋಗಿ ಹೇಳಿದ. ಅಮ್ಮ "ಚೆನ್ನಾಗಿರೋ ಕಾಲನ್ನ ದುಡ್ಡು ಕೊಟ್ಟು ಮುರಿಸ್ಕೊಳ್ತೀಯೇನೋ ಮಗ" ಅಂತ ಅತ್ತರು. ಅಪ್ಪ ಏನೂ ಮಾತಾಡ್ಲಿಲ್ಲ, ಮಾರನೇ ದಿನ ಬೆಳಗ್ಗೆ ಪ್ಲಂಬರ್‌ಗೆ ಫೋನ್ ಮಾಡಿ ವೆಸ್ಟರ್ನ್ ಟಾಯ್ಲೆಟ್ ಹಾಕ್ಸೋಕೆ ಎಷ್ಟಾಗುತ್ತೆ ಅಂತ ವಿಚಾರಿಸಿದ್ರು. ನಮ್ಮನೇಲಿ ಇರೋದು ಕುಕ್ಕರಗಾಲಲ್ಲಿ ಕೂರೋದು, ಊಟ ನೆಲದ ಮೇಲೆ, ವಾಪಸ್ ಬಂದ್ಮೇಲೆ ಅವನು ತುಂಬಾ ದಿನ ಅದ್ಯಾವುದನ್ನೂ ಮಾಡೋಕಾಗಲ್ಲ. ಕ್ಲಿನಿಕ್‌ನೋರು ಇದನ್ನ ಯಾವತ್ತೂ ಕೇಳಲಿಲ್ಲ, ಅಪ್ಪಂಗೆ ಹೊಳೀತು.

ಈಗ ಪರಿಸ್ಥಿತಿ ಎಲ್ಲಿಗೆ ಬಂದಿದೆ ಅಂದ್ರೆ, ಸಿಗರೇಟ್ ಬಿಟ್ಟಿದಾನೆ, ಅದು ಸೇದ್ತಾ ಇದ್ರೆ ಮೂಳೆ ಕೂಡೋದು ನಿಧಾನ ಆಗುತ್ತೆ. ವಿಟಮಿನ್ ಡಿ ಕಮ್ಮಿ ಇತ್ತು, ಮಾತ್ರೆ ನಡೀತಿದೆ. ದಿನಾ ಬೆಳಗ್ಗೆ ಸ್ಟ್ರೆಚಿಂಗ್ ಮಾಡಿ ನನಗೆ ವಿಡಿಯೋ ಕಳಿಸ್ತಾನೆ, ಈಗಲೇ ಸ್ನಾಯು ಸಡಿಲ ಇದ್ದಷ್ಟೂ ಆಮೇಲೆ ಒಳ್ಳೇದು. ಮೈಸೂರಲ್ಲಿ ನನಗೆ ಗೊತ್ತಿರೋ ಒಬ್ರು ಆರ್ಥೋ ಡಾಕ್ಟರ್ ವಾಪಸ್ ಬಂದ್ಮೇಲೆ ಎಕ್ಸ್‌ರೇ ನೋಡ್ತೀನಿ ಅಂದಿದಾರೆ, ಒಂದೇ ಕಂಡೀಷನ್, ಯಾವ ರಾಡು ಯಾವ ಸೈಜು, ತೆಗೆಯೋಕೆ ಯಾವ ಟೂಲ್ ಬೇಕು ಅನ್ನೋದೆಲ್ಲ ಬರವಣಿಗೆಯಲ್ಲಿ ಕೈಗೆ ಬರ್ಬೇಕು. ಕ್ಲಿನಿಕ್‌ಗೆ ಅದನ್ನ ಕೇಳಿದೀವಿ, ಜೊತೆಗೆ ಮೂಳೆ ಕೂಡದೆ ಹೋದ್ರೆ ಎರಡನೇ ಆಪರೇಷನ್ ಖರ್ಚು ಯಾರದು ಅಂತಾನೂ ಕೇಳಿದೀವಿ. ಮೊದಲನೇದಕ್ಕೆ ಉತ್ತರ ಬಂದಿದೆ. ಎರಡನೇದಕ್ಕೆ "ಚಿಂತೆ ಮಾಡ್ಬೇಡಿ" ಅಂತ ಬಂದಿದೆ, ಮೊತ್ತನೂ ಇಲ್ಲ ಸಹಿನೂ ಇಲ್ಲ. ಅದು ಸಹಿ ಸಮೇತ ಬರೋವರೆಗೂ ಅಡ್ವಾನ್ಸ್ ಕಟ್ಟೋದು ಬೇಡ ಅಂದಿದೀನಿ. ಅವನೂ "ಆಯ್ತಕ್ಕ, ಕಾಯೋಣ" ಅಂದಿದಾನೆ.