ದೆವ್ವ ಕಾಣೋದು ಮಕ್ಕಳಿಗೆ ಮಾತ್ರ

ವೈಎ (ಯಂಗ್ ಅಡಲ್ಟ್, ಅಂದ್ರೆ ಹದಿಹರೆಯದೋರಿಗೆ ಬರೆದ) ಫ್ಯಾಂಟಸಿ ಅಂದ ತಕ್ಷಣ ಸುಮಾರು ಜನಕ್ಕೆ ನೆನಪಾಗೋದು ಸ್ಕೂಲಿಗೆ ಹೋಗೋ ಹುಡುಗಿ, ನೂರು ವರ್ಷ ವಯಸ್ಸಾಗಿರೋ ರಕ್ತಪಿಶಾಚಿ ಹುಡುಗ, ಇವರಿಬ್ಬರ ಮಧ್ಯೆ ತೋಳ ಆಗೋ ಇನ್ನೊಬ್ಬ ಹುಡುಗ. ಆ ಥರದ್ದೂ ಓದಿದೀನಿ, ಅದನ್ನ ಇಷ್ಟಪಡೋರ ಬಗ್ಗೆ ನಂಗೆ ಯಾವ ತಕರಾರೂ ಇಲ್ಲ. ಆದ್ರೆ ಮೂವತ್ತು ದಾಟಿ ಎಷ್ಟೋ ಕಾಲ ಆದ್ಮೇಲೂ ನಾನು ಪುಸ್ತಕದಂಗಡೀಲಿ ಆ ಶೆಲ್ಫ್ ಮುಂದೆ ಹೋಗಿ ನಿಲ್ಲೋದಕ್ಕೆ ಕಾರಣ ಬೇರೆ. ಈ ಕಾದಂಬರಿಗಳಲ್ಲಿ ಒಳ್ಳೇವು ಅನ್ನೋದನ್ನ ತೆಗೆದು ನೋಡಿ, ಮಾಯಾಶಕ್ತಿಗೆ ಒಂದು ರೂಲ್ ಇರುತ್ತೆ, ಆ ರೂಲು ವಯಸ್ಸಿನ ಜೊತೆ ಗಂಟು ಹಾಕ್ಕೊಂಡಿರುತ್ತೆ. ಯಾರಿಗೆ ಶಕ್ತಿ ಬರುತ್ತೆ, ಎಷ್ಟು ದಿನ ಇರುತ್ತೆ, ಹೋಗುವಾಗ ಏನನ್ನ ಕಿತ್ಕೊಂಡು ಹೋಗುತ್ತೆ ಅನ್ನೋದೇ ನಿಜವಾದ ಕಥೆ, ಮಿಕ್ಕ ಕತ್ತಿ ಮಂತ್ರ ಎಲ್ಲಾ ಆಮೇಲೆ.

ಜಾನಥನ್ ಸ್ಟ್ರೌಡ್ ಅವರ 'ಲಾಕ್‌ವುಡ್ ಅಂಡ್ ಕೋ' ತಗೊಳ್ಳಿ. 2013ರಲ್ಲಿ ಶುರುವಾಗಿ 2017ಕ್ಕೆ ಮುಗಿದ ಐದು ಪುಸ್ತಕಗಳ ಸೀರೀಸ್, ನಂಗೆ ಇವುಗಳಲ್ಲೆಲ್ಲಾ ತುಂಬಾ ಹತ್ತಿರವಾದದ್ದು. ಜಾಗ ಲಂಡನ್ನೇ, ಆದ್ರೆ ಅಲ್ಲಿ ಐವತ್ತು ವರ್ಷದಿಂದ ಇಡೀ ದೇಶಕ್ಕೇ ದೆವ್ವದ ಕಾಟ, ಜನ ಅದನ್ನ ಸುಮ್ನೆ 'ಪ್ರಾಬ್ಲಮ್' ಅಂತ ಕರೀತಾರೆ. ಕತ್ತಲಾದ್ರೆ ಕರ್ಫ್ಯೂ, ಬೀದಿಗೆ ದೆವ್ವ ದೂರ ಇಡೋ ಘೋಸ್ಟ್ ಲ್ಯಾಂಪು, ಮನೆ ಕಾಯೋಕೆ ಕಬ್ಬಿಣ, ಉಪ್ಪು, ಬೆಳ್ಳಿ, ಲ್ಯಾವೆಂಡರ್ ಹೂವು. ದೆವ್ವ ಮೈ ಮುಟ್ಟಿದ್ರೆ ಪ್ರಾಣಕ್ಕೇ ಅಪಾಯ. ಇಷ್ಟೆಲ್ಲಾ ಇದ್ರೂ ದೊಡ್ಡೋರ ಕಣ್ಣಿಗೆ ಅವು ಬೀಳೋದೇ ಇಲ್ಲ! ಕೆಲವು ಮಕ್ಕಳಿಗೆ ಮಾತ್ರ ಕಾಣುತ್ತೆ, ಕೆಲವರಿಗೆ ಕೇಳುತ್ತೆ, ಇನ್ನು ಕೆಲವರಿಗೆ ಹಳೇ ವಸ್ತು ಮುಟ್ಟಿದ್ರೆ ಅದರ ಹಿಂದೆ ನಡೆದದ್ದು ಕೈಗೆ ಹತ್ತುತ್ತೆ, ವಯಸ್ಸಾಗ್ತಾ ಆಗ್ತಾ ಈ ಶಕ್ತಿ ಮಸುಕಾಗಿ ಹೊರಟೇ ಹೋಗುತ್ತೆ. ಹಂಗಾಗಿ ರಾತ್ರಿ ಕತ್ತಿ ಹಿಡ್ಕೊಂಡು ದೆವ್ವದ ಮನೆಗೆ ಹೋಗೋ ಕೆಲಸ ಪೂರ್ತಿ ಮಕ್ಕಳದ್ದೇ, ಅವರಿಗೆ ಸಂಬಳ ಕೊಡೋ ದೊಡ್ಡ ದೊಡ್ಡ ಏಜೆನ್ಸಿಗಳನ್ನ ನಡೆಸೋರು ಮಾತ್ರ ದೊಡ್ಡೋರು.

ಕಥೆ ಹೇಳೋ ಲೂಸಿ ಕಾರ್ಲೈಲ್‌ನ ಅವಳ ತಾಯಿ ಎಂಟನೇ ವಯಸ್ಸಿಗೇ ಊರಿನ ಏಜೆಂಟ್ ಹತ್ರ ಕೆಲಸಕ್ಕೆ ಬಿಟ್ಟಿರ್ತಾಳೆ. ಕೆಲವು ವರ್ಷ ಆದ್ಮೇಲೆ ಒಂದು ಹಳೇ ಗಿರಣೀಲಿ ಮಕ್ಕಳು ಒಳಗೆ ಸಾಯ್ತಿದ್ರೂ ಮೇಲ್ವಿಚಾರಕ ಹೊರಗೇ ಉಳೀತಾನೆ, ವಿಚಾರಣೇಲಿ ಗೆಲ್ಲೋದೂ ಅವನ ಮಾತೇ. ಇದು ಮೊದಲ ಪುಸ್ತಕದ ಶುರುವಿನಲ್ಲೇ ಬರುತ್ತೆ, ಸ್ಟ್ರೌಡ್ ಇದನ್ನ ಕಣ್ಣೀರು ಹಾಕಿಸೋ ಥರ ಬರೆದಿಲ್ಲ, ಎರಡು ಮೂರು ಪುಟದಲ್ಲಿ ಹೇಳಿ ಮುಂದೆ ಹೋಗ್ತಾರೆ, ಆದ್ರೆ ಅಲ್ಲಿಂದ ಲಂಡನ್ನಿಗೆ ಬಂದ ಲೂಸಿ ಯಾಕೆ ದೊಡ್ಡೋರೇ ಇಲ್ಲದ ಒಂದು ಪುಟ್ಟ ಏಜೆನ್ಸಿ ಸೇರ್ಕೊಂಡಳು ಅನ್ನೋದು ನಮಗೆ ಯಾರೂ ವಿವರಿಸದೇ ಅರ್ಥ ಆಗುತ್ತೆ. ಪೋರ್ಟ್‌ಲಂಡ್ ರೋ ಅನ್ನೋ ಬೀದೀಲಿ 35ನೇ ನಂಬರ್ ಮನೆ, ಅಲ್ಲಿ ಏಜೆನ್ಸಿ ನಡೆಸೋ ಹುಡುಗ ಲಾಕ್‌ವುಡ್, ಅವನ ಜೊತೆಗಾರ ಜಾರ್ಜ್, ಲೂಸಿ ಮೂರೇ ಜನ. ಅಡುಗೆಮನೆ ಟೇಬಲ್ ಮೇಲೆ ಒಂದು ಬಿಳಿ ಬಟ್ಟೆ ಹಾಸಿರ್ತಾರೆ, ಏನು ಹೊಳೆದ್ರೂ ಅದರ ಮೇಲೇ ಗೀಚೋದು, ಬೈಯ್ಯೋದೂ ಅದರ ಮೇಲೇ. ಕೇಸಿಗೆ ಹೊರಡೋ ಮುಂಚೆ ಜಾರ್ಜ್ ಲೈಬ್ರರೀಲಿ ಕೂತು ಹಳೇ ಪೇಪರೆಲ್ಲಾ ತಿರುವಿ ಹಾಕಿ ಆ ಮನೇಲಿ ಯಾರು ಸತ್ತಿದ್ರು ಹೆಂಗೆ ಸತ್ತಿದ್ರು ಅಂತ ಹುಡುಕ್ಬೇಕು, ಅದಕ್ಕೆ ಟೈಮ್ ಕೊಡದೇ ಅವಸರ ಮಾಡಿದ ಕೇಸೆಲ್ಲಾ ಎಡವಟ್ಟಾಗುತ್ತೆ. ದೆವ್ವದ ಕಥೇಲಿ ಲೈಬ್ರರಿ ಕೆಲಸಕ್ಕೆ ಇಷ್ಟು ಮರ್ಯಾದೆ ಕೊಟ್ಟಿರೋದು ನೋಡಿದ್ರೆ ನಂಗೆ ತುಂಬಾ ಖುಷಿ ಆಗುತ್ತೆ.

ಮತ್ತೆ ಮತ್ತೆ ಓದಿದಾಗ ನಂಗೆ ಚುಚ್ಚಿದ್ದು ಒಂದೇ ವಿಷಯ. ಅಲ್ಲಿ ಪ್ರತಿ ದೆವ್ವಕ್ಕೂ ಒಂದು ಮೂಲ ಇರುತ್ತೆ, ಮೂಳೆನೋ ಸರನೋ ಏನೋ ಒಂದು, ಅದನ್ನ ಹುಡುಕಿ ಬೆಳ್ಳೀಲಿ ಮುಚ್ಚಬೇಕು. ಎಷ್ಟೋ ಸಲ ಆ ಮೂಲದ ಹಿಂದೆ ಇರೋದು ದೊಡ್ಡೋರು ಯಾವಾಗ್ಲೋ ಮಾಡಿ ಗೋಡೆ ಒಳಗೆ ಮುಚ್ಚಿಟ್ಟ ಪಾಪ. ಮಾಡಿದೋರು ಅವರು, ಕಾಣದೇ ಇರೋರೂ ಅವರೇ, ಕ್ಲೀನ್ ಮಾಡೋಕೆ ಹೋಗಿ ಸಾಯೋರು ಹದಿನೈದು ವರ್ಷದ ಮಕ್ಕಳು. ಹದಿನೈದರಲ್ಲಿ ಓದಿದೋರು ಇದನ್ನ ಸಾಹಸ ಅಂತ ಓದ್ತಾರೆ, ಸರಿನೇ. ಮನೇಲಿ ಅಣ್ಣನ ಮಗಳು ಅದೇ ಪುಸ್ತಕ ಹಿಡ್ಕೊಂಡು ನಗ್ತಾ ಓದ್ತಿದ್ರೆ ನಾನು ಅದೇ ಪುಟಕ್ಕೆ ಬೇರೆ ಥರ ಹೆದರ್ತೀನಿ.

ಇನ್ನೊಂದು ನಂಗೆ ಬಿಡೋಕೇ ಆಗದ ಪುಸ್ತಕ ಅರ್ಸುಲಾ ಲೆಗ್ವಿನ್ ಅವರ 'ಎ ವಿಝರ್ಡ್ ಆಫ್ ಅರ್ಥ್‌ಸೀ'. 1968ರದ್ದು. ದೊಡ್ಡ ಹುಡುಗ ಹುಡುಗಿಯರಿಗೆ ಏನಾದ್ರೂ ಬರೀರಿ ಅಂತ ಪ್ರಕಾಶಕರು ಕೇಳಿದಾಗ ಅವರಿಗೆ ಹೊಳೆದ ಪ್ರಶ್ನೆ, ಈ ಬಿಳಿ ಗಡ್ಡದ ಮಾಂತ್ರಿಕರು ಹುಡುಗರಾಗಿದ್ದಾಗ ಹೆಂಗಿದ್ರು, ವಿದ್ಯೆ ಎಲ್ಲಿ ಕಲಿತ್ರು ಅನ್ನೋದು. ಗೆಡ್ ಅನ್ನೋ ಹುಡುಗ, ಗಾಂಟ್ ದ್ವೀಪದಲ್ಲಿ ಮೇಕೆ ಕಾಯ್ಕೊಂಡಿದ್ದವನು, ತಾಮ್ರದ ಬಣ್ಣದವನು (ಬಹಳ ಕಾಲ ಕವರುಗಳಲ್ಲಿ ಅವನನ್ನ ಬೆಳ್ಳಗೆ ಬಿಡಿಸ್ತಿದ್ರು, ಲೆಗ್ವಿನ್ ಅದರ ಬಗ್ಗೆ ಬೇಜಾರನ್ನ ಮುಚ್ಚಿಡಲಿಲ್ಲ). ರೋಕ್ ದ್ವೀಪದ ಶಾಲೇಲಿ ಇನ್ನೊಬ್ಬ ಹುಡುಗ ಕೆಣಕಿದ ಅಂತ ಜಂಬಕ್ಕೆ ಬಿದ್ದು ಸತ್ತವಳೊಬ್ಬಳ ಆತ್ಮ ಕರೀತಾನೆ, ಆಗ ಬಿದ್ದ ಬಿರುಕಿನಿಂದ ಒಂದು ನೆರಳು ಹೊರಗೆ ಬರುತ್ತೆ, ಅವನ ಮುಖ ಸೀಳುತ್ತೆ, ಬಿರುಕು ಮುಚ್ಚೋಕೆ ಹೋದ ಮುದುಕ ಗುರು ನೆಮ್ಮರ್ಲ್ ತೀರ್ಕೊಳ್ತಾನೆ. ಇಡೀ ಪುಸ್ತಕದಲ್ಲಿ ಯುದ್ಧ ಇಲ್ಲ, ರಾಕ್ಷಸ ರಾಜ ಇಲ್ಲ, ಹುಡುಗ ಮೊದಲು ನೆರಳಿನಿಂದ ಓಡ್ತಾನೆ, ಆಮೇಲೆ ಒಗಿಯನ್ ಅನ್ನೋ ಹಳೇ ಗುರು, ತಿರುಗಿ ನಿಂತು ನೀನೇ ಅದನ್ನ ಅಟ್ಟಿಸ್ಕೊಂಡು ಹೋಗು ಅಂತಾನೆ, ಅಷ್ಟೇ. ಕೊನೇಲಿ ಏನಾಗುತ್ತೆ ಅಂತ ಹೇಳಲ್ಲ. ಆದ್ರೆ ಲೆಗ್ವಿನ್ ಲೆಕ್ಕ ಅಲ್ಲಿಗೇ ಬಿಡಲಿಲ್ಲ ನೋಡಿ, 1972ರ ಮೂರನೇ ಪುಸ್ತಕದಲ್ಲಿ ಗೆಡ್ ತನ್ನ ಶಕ್ತಿಯನ್ನೆಲ್ಲಾ ಖರ್ಚು ಮಾಡಿ ಖಾಲಿ ಆಗ್ತಾನೆ, ಆಮೇಲೆ 1990ರಲ್ಲಿ 'ತೆಹಾನು' ಬರೆದು ಶಕ್ತಿ ಹೋದ ಗಂಡಸು ವಾಪಸ್ ಗಾಂಟಿಗೆ ಬಂದು ಮತ್ತೆ ಮೇಕೆ ಕಾಯೋದನ್ನ ತೋರಿಸಿದ್ರು. ಮಧ್ಯೆ ಹದಿನೆಂಟು ವರ್ಷ. ಹುಡುಗನಾಗಿದ್ದಾಗ ಓದಿದೋರು ಅಷ್ಟು ಹೊತ್ತಿಗೆ ತಾವೂ ಏನೇನೋ ಕಳ್ಕೊಂಡಿರ್ತಾರೆ, ಆಗ ಅದು ಕೈಗೆ ಬರುತ್ತೆ. ಇಂಥ ಜೋಡಿ ಓದು ಬೇರೆ ಯಾವ ಸೀರೀಸೂ ನಂಗೆ ಕೊಟ್ಟಿಲ್ಲ.

ಫಿಲಿಪ್ ಪುಲ್‌ಮನ್ ಅವರ 1995ರ 'ನಾರ್ದರ್ನ್ ಲೈಟ್ಸ್'ನಲ್ಲೂ ಇದೇ. ಪ್ರತಿ ಮನುಷ್ಯನ ಆತ್ಮ ಒಂದು ಪ್ರಾಣಿಯಾಗಿ ಪಕ್ಕದಲ್ಲೇ ಓಡಾಡ್ತಿರುತ್ತೆ, ಮಕ್ಕಳದ್ದಾದ್ರೆ ಕ್ಷಣಕ್ಕೊಂದು ರೂಪ, ಪಾರಿವಾಳ, ಬೆಕ್ಕು, ಚಿಟ್ಟೆ, ದೊಡ್ಡೋರಾಗ್ತಿದ್ದ ಹಂಗೆ ಒಂದೇ ರೂಪಕ್ಕೆ ನಿಂತುಬಿಡುತ್ತೆ. ಸಿಂಹ ಆಗ್ಲಿ ಅಂತ ಆಸೆಪಟ್ಟು ನಾಯಿ ಆದವರೂ ಇದಾರೆ. ಪ್ಯಾಟ್ರಿಕ್ ನೆಸ್ ಅವರ 'ಎ ಮಾನ್‌ಸ್ಟರ್ ಕಾಲ್ಸ್' (2011) ಬಗ್ಗೆ ಜಾಸ್ತಿ ಹೇಳಲ್ಲ, ಕ್ಯಾನ್ಸರ್ ಆಗಿರೋ ತಾಯಿ, ಹದಿಮೂರು ವರ್ಷದ ಮಗ, ರಾತ್ರಿ 12:07ಕ್ಕೆ ಬರೋ ಮರದ ಭೂತ, ಅದು ಮೂರು ಕಥೆ ಹೇಳುತ್ತೆ, ನಾಲ್ಕನೇದನ್ನ ಹುಡುಗ ಹೇಳ್ಬೇಕು, ಸತ್ಯವನ್ನೇ ಹೇಳ್ಬೇಕು. 2007ರಲ್ಲಿ ಕ್ಯಾನ್ಸರಿನಿಂದ ತೀರ್ಕೊಂಡ ಶಿವಾನ್ ಡೌಡ್ ಅನ್ನೋ ಲೇಖಕಿ ಬಿಟ್ಟುಹೋದ ಐಡಿಯಾ ಇಟ್ಕೊಂಡು ಬರೆದದ್ದು ಅದು. ಒಂದೇ ಸಲ ಕೂತು ಓದಿದ್ರೆ ಮುಗಿಯುತ್ತೆ, ಬಸ್ಸಲ್ಲಿ ಮಾತ್ರ ಓದ್ಬೇಡಿ.

ನಮಗೆ ಈ ರೂಲ್ ಇರೋ ಮಾಯೆ ಹೊಸದೇನಲ್ಲ. ಚಂದಮಾಮದ ಬೇತಾಳನ್ನ ನೆನಪು ಮಾಡ್ಕೊಳ್ಳಿ, ಉತ್ತರ ಗೊತ್ತಿದ್ದೂ ಹೇಳದಿದ್ರೆ ತಲೆ ಸಾವಿರ ಹೋಳು, ಬಾಯಿ ಬಿಟ್ರೆ ಮೌನ ಮುರಿದು ಶವ ವಾಪಸ್ ಮರಕ್ಕೆ. ಎಂಥಾ ಬಿಗಿಯಾದ ರೂಲ್! ಆದ್ರೆ ಅಲ್ಲಿ ಹೊರೋನು ರಾಜ, ದೊಡ್ಡ ಗಂಡಸು. ಇನ್ನೂ ನಂಗೆ ಆಶ್ಚರ್ಯ ಅನ್ಸೋದು, ಅರ್ಥ್‌ಸೀ ಬಂದ ಅದೇ 1968ರಲ್ಲಿ ಕನ್ನಡದಲ್ಲಿ ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು' ಬಂತು. ಮೂಕಜ್ಜಿ ಕೈಗೆ ಒಂದು ಹಳೇ ವಸ್ತು ಕೊಟ್ರೆ ಅವಳಿಗೆ ಅದರ ಹಿಂದಿನ ಕಾಲವೆಲ್ಲಾ ಕಾಣುತ್ತೆ, ಲೂಸಿಗೆ ಇರೋದೂ ಇದೇ ಶಕ್ತಿ ಅಲ್ವಾ! ಆದ್ರೆ ಕಾರಂತರು ಅದನ್ನ ಕೊಟ್ಟಿದ್ದು ಬಾಲವಿಧವೆಯಾಗಿ ಇಡೀ ಬದುಕು ಸವೆಸಿದ ಮುದುಕಿಗೆ, ಪಕ್ಕದಲ್ಲಿ ಕೂತು ಪ್ರಶ್ನೆ ಕೇಳೋನು ಮೊಮ್ಮಗ ಸುಬ್ಬರಾಯ. ಸ್ಟ್ರೌಡ್ ಕಥೇಲಿ ವಯಸ್ಸಾದ್ರೆ ಕಣ್ಣು ಮುಚ್ಚುತ್ತೆ, ಕಾರಂತರಲ್ಲಿ ಅಷ್ಟೆಲ್ಲಾ ಅನುಭವಿಸಿದವಳಿಗೇ ಕಣ್ಣು ತೆರೆದಿರೋದು. ಎರಡೂ ನಿಜ ಅಂತ ನಂಗೆ ಅನ್ಸುತ್ತೆ. ಸಣ್ಣೋರಿಗೆ ಕಾಣೋದು ಈಗ ಮನೇಲಿ ನಡೀತಿರೋ ಸುಳ್ಳು, ಅಜ್ಜೀರಿಗೆ ಕಾಣೋದು ಅದರ ಹಳೇ ಬೇರು. ಮಧ್ಯ ವಯಸ್ಸಿನ ನಾವು ಎರಡೂ ಕಡೆ ಕುರುಡು, ಏಜೆನ್ಸಿ ನಡೆಸ್ತಾ ಇರ್ತೀವಿ.

ಆ ಶಕ್ತಿಯನ್ನೇ ಒಬ್ಬ ಹೈಸ್ಕೂಲ್ ಹುಡುಗಿಗೆ ಕೊಟ್ಟು, ಮಲೆನಾಡಿನದೋ ಕರಾವಳಿಯದೋ ಒಂದು ಹಳೇ ಮನೇಲಿ ಅವಳನ್ನ ಬಿಟ್ಟು, ಆ ಮನೆಯೋರು ಮುಚ್ಚಿಟ್ಟಿದ್ದನ್ನ ಅವಳ ಕೈಗೆ ಹತ್ತಿಸೋ ಒಂದು ಕನ್ನಡ ಕಾದಂಬರಿ ಓದೋಕೆ ನಂಗೆ ವಿಪರೀತ ಆಸೆ. ನಮ್ಮಲ್ಲಿ ಪುಟ್ಟ ಮಕ್ಕಳಿಗೆ ಬರೆಯೋರು ಇದಾರೆ, ದೊಡ್ಡೋರಿಗಂತೂ ಇದ್ದೇ ಇದಾರೆ, ಹದಿನಾಲ್ಕು ಹದಿನೈದರ ಹುಡುಗಿ ಕೈಗೆ ಏನು ಕೊಡೋದು ಅಂತ ಬಂದಾಗ ನಾನು ಪ್ರತಿ ಸಲ ಇಂಗ್ಲಿಷ್ ಶೆಲ್ಫಿಗೇ ಹೋಗ್ತೀನಿ. ಬರೆಯೋ ಕೈ ಇರೋರು ಯಾರಾದ್ರೂ ಇದನ್ನ ಓದ್ತಿದ್ರೆ ದಯವಿಟ್ಟು ಬರೀರಿ, ಮೊದಲ ಕಾಪಿ ನಾನು ತಗೋತೀನಿ, ಆಮೇಲೆ ಸಿಕ್ಕಿದೋರಿಗೆಲ್ಲಾ ಹಂಚ್ತೀನಿ.

ಅಲ್ಲೀವರೆಗೆ, ಇದ್ಯಾವುದೂ ಓದಿರದೋರು ಸ್ಟ್ರೌಡ್ ಇಂದ ಶುರು ಮಾಡಿ, ಇಂಗ್ಲಿಷ್ ಸಲೀಸು, ಭಯಾನೂ ಇದೆ ನಗೂನೂ ಇದೆ. ಲೆಗ್ವಿನ್ ಭಾಷೆ ನಿಧಾನ, ಜೋರಾಗಿ ಓದಿದ್ರೆ ಚೆನ್ನಾಗಿ ಹಿಡಿಯುತ್ತೆ. 2023ರಲ್ಲಿ ಲಾಕ್‌ವುಡ್ ನೆಟ್‌ಫ್ಲಿಕ್ಸಲ್ಲಿ ಬಂದಿತ್ತು, ಒಂದೇ ಸೀಸನ್ನಿಗೆ ನಿಲ್ಲಿಸಿಬಿಟ್ರು, ಚೆನ್ನಾಗೇ ಇದೆ ಆದ್ರೆ ಅದು ಅರ್ಧ ದಾರೀಲಿ ಬಿಡುತ್ತೆ, ಹಂಗಾಗಿ ಪುಸ್ತಕಾನೇ ತಗೊಳ್ಳಿ. ಮೂರನೇದು ಕೈಗೆತ್ತಿಕೊಳ್ಳೋ ಮುಂಚೆ ನಾಲ್ಕನೇದನ್ನ ತಂದಿಟ್ಕೊಂಡಿರಿ, ಯಾಕಂದ್ರೆ ಮೂರರ ಕೊನೇಲಿ ಲೂಸಿ ಒಂದು ನಿರ್ಧಾರ ತಗೋತಾಳೆ, ಅದಾದ್ಮೇಲೆ ಒಂದು ದಿನ ಕಾಯೋಕೂ ಆಗಲ್ಲ.