ಹಿಂದಿನ ಸೀಟು

ಮೊನ್ನೆ ಗುರುವಾರದಿಂದ ಒಂದು ದೃಶ್ಯ ಕಣ್ಣಿಂದ ಹೋಗುತ್ತಿಲ್ಲ. ನಮ್ಮ ಮನೆಯವರು ತಮ್ಮದೇ ಯೆಜ್ಡಿ ಬೈಕಿನ ಹಿಂದಿನ ಸೀಟಿನಲ್ಲಿ ಕೂತಿದ್ದಾರೆ. ತಲೆ ಮೇಲೆ ನನ್ನ ಆಕಾಶನೀಲಿ ಹೆಲ್ಮೆಟ್ಟು. ಮುಂದೆ ಕಾಸರಗೋಡಿನಿಂದ ಬಂದ ಹುಡುಗ. ಕೈ ಎಲ್ಲಿಡಬೇಕು ಅಂತ ಇವರಿಗೆ ತಿಳಿಯುತ್ತಿಲ್ಲ. ಒಮ್ಮೆ ತೊಡೆ ಮೇಲೆ ಇಟ್ಟುಕೊಂಡರು. ಒಮ್ಮೆ ಹಿಂದಿನ ಕಂಬಿ ತಡಕಿದರು. ಗಾಡಿ ಹೊರಟ ಝಟಕಾಕ್ಕೆ ಎರಡೂ ಕೈ ಹೋಗಿ ಆ ಹುಡುಗನ ಭುಜ ಹಿಡಿದವು. ಜಾತ್ರೆಯಲ್ಲಿ ತೊಟ್ಟಿಲು ಹತ್ತಿದ ಮಗುವಿನ ಮುಖ.

ಬ್ಯಾಂಕಿನ ಮೆಟ್ಟಿಲ ಮೇಲೆ ನಿಂತು ನಾನು ನಗಬೇಕೋ ಬೇಡವೋ ಅಂತ ನೋಡುತ್ತಿದ್ದೆ.

ಗಾಡಿ ಮಾರುವುದು ಅಂತ ತೀರ್ಮಾನವಾಗಿ ಒಂದು ವರ್ಷವಾಗಿತ್ತು. ಎಡ ಮಂಡಿ ಆಪರೇಷನ್ ಆದ ಮೇಲೆ ಕಿಕ್ ಹೊಡೆಯುವ ಹಾಗಿಲ್ಲ ಅಂದರು ಡಾಕ್ಟರು. ಯೆಜ್ಡಿಯಲ್ಲಿ ಕಿಕ್ಕರೂ ಎಡಕ್ಕೆ, ಗೇರೂ ಎಡಕ್ಕೆ. ಅದೂ ಎರಡಕ್ಕೂ ಒಂದೇ ಸಲಾಕೆ. ಗಾಡಿ ಸ್ಟಾರ್ಟ್ ಆದ ಮೇಲೆ ಅದನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್. ಮೈಸೂರಿನ ಫ್ಯಾಕ್ಟರಿಯವರು ಇವರ ಎಡ ಮಂಡಿಯ ಮೇಲೆ ಸೇಡು ಇಟ್ಟುಕೊಂಡೇ ಮಾಡಿದ ಹಾಗಿದೆ. ಆ ಫ್ಯಾಕ್ಟರಿ 1996ರಲ್ಲಿ ಮುಚ್ಚಿತು. ಇವರ ರೋಡ್‌ಕಿಂಗ್ ಮಾಡೆಲ್ 1994ರದ್ದು. ದಾವಣಗೆರೆ ಜಿಲ್ಲೆಯಾದ ವರ್ಷ, ಅಂದರೆ 1997ರಲ್ಲಿ, ನಾನು ಅದರ ಹಿಂದಿನ ಸೀಟಿಗೆ ಬಂದೆ.

ಇಟ್ಟುಕೊಳ್ಳೋಣ ಅಂದರೆ ಖರ್ಚು ಬಿಡುವುದಿಲ್ಲ. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂವಲ್. ಬೈಕಿಗೆ ಮೊದಲು 300 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಸಾವಿರ ಆಯಿತು. 20 ವರ್ಷ ದಾಟಿದ್ದಕ್ಕೆ 2025ರಲ್ಲಿ ಎರಡು ಸಾವಿರ ಮಾಡಿದರು. ಮನುಷ್ಯರಿಗೆ ವಯಸ್ಸಾದರೆ ಎದ್ದು ಸೀಟು ಕೊಡುತ್ತಾರೆ, ಗಾಡಿಗೆ ವಯಸ್ಸಾದರೆ ದಂಡ.

ಸರಿ, ಮಗಳು ಬೆಂಗಳೂರಿನಿಂದಲೇ ಜಾಹೀರಾತು ಹಾಕಿದಳು. ಫೋನ್ ನಂಬರ್ ನನ್ನದು. ಇವರು ಮಾತಾಡಲಾರೆ ಅಂದುಬಿಟ್ಟರು. ಗಾಡಿ ಬಗ್ಗೆ ಯಾರಾದರೂ ಫೋನ್ ಮಾಡಿದರೆ ಸಾಕು, ಪೇಪರ್ ತೆಗೆದುಕೊಂಡು ಒಳಗಿನ ಕೋಣೆಗೆ ಹೋಗಿ ಕೂರುತ್ತಿದ್ದರು. ಆದರೆ ಪುಟ ತಿರುವುವ ಸದ್ದು ಮಾತ್ರ ಬರುತ್ತಿರಲಿಲ್ಲ.

ಮೊದಲ ಫೋನ್ ಒಬ್ಬ ಮಿಲಿಟರಿಯವನದ್ದು. ಹಾಗಂತ ಅವನೇ ಹೇಳಿಕೊಂಡ. ಹಿಂದಿಯಲ್ಲಿ ಮಾತು, ವಿಪರೀತ ಮರ್ಯಾದೆ. ರಜೆ ಸಿಗುವುದಿಲ್ಲ, ದುಡ್ಡು ಈಗಲೇ ಹಾಕುತ್ತೇನೆ, ಗಾಡಿ ಒಯ್ಯಲು ಮಿಲಿಟರಿ ಲಾರಿ ಬರುತ್ತದೆ ಅಂದ. ಐಡಿ ಕಾರ್ಡಿನ ಫೋಟೋ ಕೂಡ ಬಂತು. ನಾನು 95 ಸಾವಿರ ಅಂದೆ. ಆಯಿತು ಮೇಡಂ ಅಂದ. ಅಲ್ಲಿಗೇ ನನಗೆ ಅನುಮಾನ ಬಂತು. ಚೌಕಾಸಿ ಮಾಡದೆ ಹಳೇ ಗಾಡಿ ಕೊಳ್ಳುವವನು ಉಂಟೇ? ಆಮೇಲೆ ಒಂದು ಕ್ಯೂಆರ್ ಕೋಡ್ ಕಳಿಸಿ, ಇದನ್ನು ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ನಿಮ್ಮ ಖಾತೆಗೆ ಬರುತ್ತದೆ ಅಂದ. ನಾನು ಇಪ್ಪತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲಪ್ಪಾ, ಹೋಗುವುದಕ್ಕೆ ಮಾತ್ರ ಬೇಕು ಅಂದೆ. ಫೋನ್ ಕಟ್ ಆಯಿತು. ಮಗಳಿಗೆ ಹೇಳಿದರೆ ಮೊದಲು ಸೈಬರ್ ಮೋಸದ ದೂರಿಗಿರುವ 1930 ನಂಬರ್ ಸೇವ್ ಮಾಡಿಕೋ ಅಂತ ಬೈದಳು. ಮೋಸ ಹೋಗದವರಿಗೂ ಈಗಿನ ಮಕ್ಕಳು ಬೈಯುತ್ತಾರೆ.

ನಮ್ಮ ಮೈದುನ ಇನ್ನೊಂದು ಥರ. ಅವನಿಗೆ ಎಲ್ಲವೂ ಗೊತ್ತು, ಕೆಟ್ಟ ಮೇಲೆ. ಹಿಂದೊಮ್ಮೆ ಸ್ಕೂಟರ್ ಮಾರುವಾಗ ಹೆಸರು ಬದಲಾವಣೆಯ ಫಾರಂ 29, ಫಾರಂ 30 ಎರಡಕ್ಕೂ ಖಾಲಿ ಸಹಿ ಹಾಕಿ ಕೊಟ್ಟುಬಿಟ್ಟಿದ್ದ. ಕೊಂಡವನು ಹೆಸರು ಬದಲಾಯಿಸಲೇ ಇಲ್ಲ. ಎರಡು ವರ್ಷ ಸಿಗ್ನಲ್ ಜಂಪಿನ ದಂಡವೆಲ್ಲ ಇವನ ಮೊಬೈಲಿಗೆ ಬಂತು. ಪುಣ್ಯಕ್ಕೆ ಅಪಘಾತ ಆಗಲಿಲ್ಲ. ಆಗಿದ್ದರೆ ಪರಿಹಾರಕ್ಕೂ ಇವನನ್ನೇ ಹಿಡಿಯುತ್ತಿದ್ದರು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ ಸುಪ್ರೀಂ ಕೋರ್ಟೇ 2018ರಲ್ಲಿ ಹೇಳಿದೆ. ಮಾರಿದೆ, ದುಡ್ಡು ಎಣಿಸಿಕೊಂಡೆ ಅಂದರೆ ನಡೆಯುವುದಿಲ್ಲ. ಕೊಂಡವನು ಹೆಸರು ಬದಲಾಯಿಸಲಿ ಅಂತ ಕೂರುವ ಹಾಗೂ ಇಲ್ಲ. ಮಾರಿದವರೇ ಆರ್‌ಟಿಒಗೆ ತಿಳಿಸಬೇಕು. ರಾಜ್ಯದೊಳಗಾದರೆ 14 ದಿನ, ಹೊರ ರಾಜ್ಯಕ್ಕಾದರೆ 45 ದಿನ ಗಡುವು. ಇಷ್ಟನ್ನೂ ಮೈದುನ ನನಗೆ ಮೂರು ಸಲ ಹೇಳಿದ. ಅಷ್ಟು ಗೊತ್ತಿದ್ದವನು ಆಗ ಯಾಕೆ ಖಾಲಿ ಫಾರಂಗೆ ಸಹಿ ಹಾಕಿದೆ ಅಂತ ನಾನು ಕೇಳಲಿಲ್ಲ. ಸಂಸಾರದಲ್ಲಿ ಕೆಲವನ್ನು ಕೇಳಬಾರದು.

ಆ ಹೊತ್ತಿಗೆ ಕಾಸರಗೋಡಿನ ಹುಡುಗನ ಫೋನ್ ಬಂತು. ಹುಡುಗ ಅಂದರೆ ಮೂವತ್ತೈದು ಇರಬಹುದು. ಪುಸ್ತಕ ಓದಿದ ಹಾಗಿರುವ ಕನ್ನಡ. ನಾಲ್ಕು ದಿನ ಚೌಕಾಸಿ ಮಾಡಿ 82 ಸಾವಿರಕ್ಕೆ ಇಳಿಸಿದ. ಇವನು ನಿಜವಾದ ಗಿರಾಕಿ ಅನ್ನಿಸಿತು. ಆದರೆ ಐದು ಸಾವಿರ ಟೋಕನ್ ಅಡ್ವಾನ್ಸ್ ಕಳಿಸಪ್ಪ ಅಂದರೆ, ಗಾಡಿ ನೋಡದೆ ಒಂದು ರೂಪಾಯಿಯನ್ನೂ ಕಳಿಸುವುದಿಲ್ಲ ಅಕ್ಕಾ ಅಂದ. ಬದಲಿಗೆ ಅವನೇ ನನಗೆ ಕೆಲಸ ಹಚ್ಚಿದ. ಇಂಜಿನ್ ನಂಬರಿನ ಪಕ್ಕ ಆ ದಿನದ ಪೇಪರ್ ಇಟ್ಟು ಫೋಟೋ ತೆಗೆದು ಕಳಿಸಬೇಕಂತೆ! ನಾವೇನು ಗಾಡಿಯನ್ನು ಅಪಹರಣ ಮಾಡಿದ್ದೀವಾ? ನನಗೆ ಕೋಪವೇ ಬಂತು. ಟೋಕನ್ ಕೊಡದವನಿಗೆ ಗಾಡಿ ಇಲ್ಲ ಅಂತ ಇವರ ಹತ್ತಿರ ಹೇಳಿದೆ.

ಇವರು ಪೇಪರಿನಿಂದ ತಲೆ ಎತ್ತಲಿಲ್ಲ. "ಎನ್‌ಒಸಿಗೆ ಅರ್ಜಿ ಹಾಕಿ ಆಯ್ತು" ಅಂದರು.

ಕೇರಳಕ್ಕೆ ಹೋಗುವ ಗಾಡಿಗೆ ನಮ್ಮ ಆರ್‌ಟಿಒ ಎನ್‌ಒಸಿ ಬೇಕು, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ, ಅದು ಫಾರಂ 28. ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕು. ಆ ಮಂಡಿ ಇಟ್ಟುಕೊಂಡು ಇವರು ನೆಲದ ಮೇಲೆ ಕೂತು ಪೆನ್ಸಿಲ್ ಉಜ್ಜಿದ್ದು ಯಾವಾಗ? ನಾನು ಸ್ಕೂಲಿಗೆ ಹೋದಾಗ ಇರಬೇಕು. ಅವನು ಬರದೇ ಹೋದರೆ ಇಲ್ಲಿಯವರಿಗೆ ಮಾರುವುದಕ್ಕೂ ಆ ಎನ್‌ಒಸಿ ರದ್ದು ಮಾಡಿಸುತ್ತಾ ಅಲೆಯಬೇಕು ಅಂತ ಮೈದುನ ಕೂಗಾಡಿದ. ಇವರು ಒಂದೇ ಮಾತು ಹೇಳಿದರು. "ಚೈನ್ ಕವರಿನ ರಬ್ಬರ್ ಬೂಟು ಒರಿಜಿನಲ್ಲಾ ಅಂತ ಕೇಳಿದ. ಮೋಸಗಾರ ಅದನ್ನ ಕೇಳಲ್ಲ."

ಅವನು ಕೇಳಿದ್ದು ನನ್ನನ್ನು, ಫೋನಿನಲ್ಲಿ. ಗೊತ್ತಿಲ್ಲ ಅಂದಿದ್ದೆ. ಇವರು ಒಳಗಿನ ಕೋಣೆಯಲ್ಲಿ ಪುಟ ತಿರುವದೆ ಕೂತಿದ್ದರು.

ಹಾಗೆ ಗುರುವಾರ ಬಂತು. ಮನೆಗೆ ಕರೆಯಬೇಡ ಅಂತ ಮಗಳು ಹೇಳಿದ್ದಳು. ಪಿ.ಜೆ. ಬಡಾವಣೆಯಲ್ಲಿ ನಮ್ಮ ಖಾತೆ ಇರುವ ಬ್ಯಾಂಕಿನ ಮುಂದೆ ಹನ್ನೊಂದಕ್ಕೆ ಬನ್ನಿ, ಅದಕ್ಕಿಂತ ಮುಂಚೆ ಬೇಡ ಅಂದಿದ್ದೆ. ಪಕ್ಕದ ಮನೆಯ ಹುಡುಗ ಗಾಡಿ ತಂದು ನಿಲ್ಲಿಸಿದ. ನಾನೂ ಇವರೂ ನನ್ನ ಸ್ಕೂಟಿಯಲ್ಲಿ ಹೋದೆವು. ಗೇರ್ ಇಲ್ಲದ್ದನ್ನು ಇವರು ಓಡಿಸುವುದಿಲ್ಲ, ಅದು ಗಾಡಿಯೇ ಅಲ್ಲವಂತೆ. ಹಿಂದೆ ಕೂರುವುದಕ್ಕೂ ಮುಖ ಗಂಟು. ಹಾಗಾಗಿ ಮೈದುನನ ಮನೆಯವರೆಗೆ ನಡೆದು ಬಂದು ಅಲ್ಲಿಂದ ಹತ್ತಿದರು. ಅಲ್ಲಿಂದ ಬ್ಯಾಂಕಿನವರೆಗೆ ಹೊಂಡ ಇಲ್ಲ. ಇದನ್ನು ಯಾಕೆ ಹೇಳಿದೆ ಅಂತ ಆಮೇಲೆ ಗೊತ್ತಾಗುತ್ತದೆ.

ಅವನು ಆಗಲೇ ಬಂದು ಕೂತಿದ್ದ. ತೊಡೆ ಮೇಲೆ ಹೆಲ್ಮೆಟ್ಟು, ಕಾಲ ಹತ್ತಿರ ಒಂದು ಬ್ಯಾಗು. ಮಂಗಳೂರಿನಿಂದ ರಾತ್ರಿ ಬಸ್ಸು, ಬೆಳಗ್ಗೆ ಐದೂವರೆಗೆ ಇಳಿದನಂತೆ. ಐದೂವರೆಯಿಂದ ಹನ್ನೊಂದರವರೆಗೆ ಊರು ಸುತ್ತಿದ್ದಾನೆ. ಬೆಣ್ಣೆ ದೋಸೆ ತಿಂದೆ ಅಂದ. ಊರಿಗೆ ಬಂದವನಿಗೆ ಒಂದು ಲೋಟ ಕಾಫಿ ಕೊಡದ ಮನೆ ನಮ್ಮದು ಅಂತ ಆಗಲೇ ಚುಚ್ಚಬೇಕಿತ್ತು. ಚುಚ್ಚಲಿಲ್ಲ. ನನ್ನ ತಲೆಯಲ್ಲಿ ಟೆಸ್ಟ್ ರೈಡ್ ಇತ್ತು. ಓಡಿಸಿ ನೋಡುತ್ತೇನೆ ಅಂತ ಹೋದವರು ಹಾಗೇ ಹೋಗಿಬಿಟ್ಟ ಕಥೆ ಎಷ್ಟು ಕೇಳಿಲ್ಲ!

"ಓಡಿಸುವ ಮುಂಚೆ ಲೈಸೆನ್ಸು ನನ್ನ ಕೈಗೆ ಕೊಡಿ" ಅಂದೆ. ಕೊಟ್ಟ. "ಫೋನು?" ಅದನ್ನೂ ಕೊಟ್ಟ. ಪರ್ಸ್ ಕೂಡ ತೆಗೆದು ನನ್ನ ಕೈಯಲ್ಲಿಟ್ಟ. ಇಟ್ಟು ಹಾಗೇ ನಿಂತ. ಆಮೇಲೆ ಮೆಲ್ಲಗೆ ಕೇಳಿದ.

"ಅಕ್ಕಾ, ಅಣ್ಣ ಹಿಂದೆ ಕೂತುಕೊಳ್ಳಬಹುದಾ? ಲೈಸೆನ್ಸು ನಿಮ್ಮ ಹತ್ತಿರ. ಫೋನು ನಿಮ್ಮ ಹತ್ತಿರ. ಗಾಡಿ ನನ್ನದಲ್ಲ. ದಾರಿಯಲ್ಲಿ ಪೊಲೀಸರು ನಿಲ್ಲಿಸಿದರೆ ನಾನು ಯಾರು ಅಂತ ಹೇಳುವುದು? ನಾನೂ ಹೆದರಿಕೊಂಡೇ ಬಂದದ್ದು."

ಅದರಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ನಾನು ಯಾರು ಅಂತ ಹೇಳುವುದು? ಈ ಮಾತು ರಾತ್ರಿ ಅಕ್ಕಿ ಆರಿಸುವಾಗ ಬರುತ್ತದೆ, ಬೋರ್ಡಿನ ಮೇಲೆ ಸಮೀಕರಣ ಬರೆಯುವಾಗ ಬರುತ್ತದೆ. ಹದಿನೈದು ದಿನದಿಂದ ಮನೆಯಲ್ಲಿ ನಾವು ಮಾತಾಡಿದ್ದೆಲ್ಲ ಅವನು ಎಂಥವನೋ, ಅವನು ಏನು ಮಾಡುತ್ತಾನೋ ಅಂತ. ಅವನ ಮನೆಯಲ್ಲೂ ಒಬ್ಬಳು ಕೂತು, ದಾವಣಗೆರೆಯವರು ಎಂಥವರೋ ಅಂದಿರಬಹುದು ಅಂತ ಒಂದು ಸಲವೂ ಹೊಳೆದಿರಲಿಲ್ಲ. ಅವಳು ಹಾಗೆ ಅಂದೂ ಇದ್ದಳು. ನನ್ನ ಕೈಯಲ್ಲಿದ್ದ ಅವನ ಫೋನ್ ಹತ್ತು ನಿಮಿಷದಲ್ಲಿ ಮೂರು ಸಲ ಹೊಡೆದುಕೊಂಡಿತು.

ನಾನು ಎತ್ತಲಿಲ್ಲ. ಎತ್ತಿ ಏನು ಹೇಳಲಿ? ನಾನು ಯಾರು ಅಂತ?

ಪರೀಕ್ಷೆ ಹಾಲಿನಲ್ಲೂ ನಾನು ಹೀಗೇ. ಪ್ಯಾಡಿನ ಹಿಂದೆ ನೋಡುತ್ತೇನೆ, ಕಂಪಾಸ್ ಡಬ್ಬಿ ತೆಗೆಸುತ್ತೇನೆ. ಮೂವತ್ತು ಮಕ್ಕಳಲ್ಲಿ ಒಬ್ಬ ಕಾಪಿ ತಂದಿರಬಹುದು. ಉಳಿದ ಇಪ್ಪತ್ತೊಂಬತ್ತು ಮಕ್ಕಳೂ ಎದ್ದು ನಿಂತು ಜೇಬು ಹೊರಗೆ ಮಾಡಿ ತೋರಿಸುತ್ತಾರೆ. ಬೇಡ ಅನ್ನುತ್ತಿಲ್ಲ, ನೋಡಲೇಬೇಕು. ಆದರೆ ಅವರ ಮುಖ ನೋಡಿದ ನೆನಪು ನನಗಿಲ್ಲ.

ಗುಂಡಿ ಸರ್ಕಲ್ ತನಕ ಹೋಗಿ ಬಂದರು. ಡುಗ್ ಡುಗ್ ಸದ್ದು ಮೊದಲು ಬಂತು, ಎರಡು ಸೈಲೆನ್ಸರಿನ ಹೊಗೆ ಆಮೇಲೆ. ಇವರು ಇಳಿದು ಹೆಲ್ಮೆಟ್ ತೆಗೆದು ನನ್ನನ್ನೇ ನೋಡಿದರು. ಗಾಡಿ ಬಗ್ಗೆ ಏನಾದರೂ ಹೇಳುತ್ತಾರೆ ಅಂದುಕೊಂಡೆ.

"ಹಿಂದೆ ಕೂತ್ರೆ ಹೊಂಡ ಬರೋದು ಕಾಣೋದೇ ಇಲ್ವಲ್ಲೇ" ಅಂದರು.

ಇಪ್ಪತ್ತೆಂಟು ವರ್ಷ! ಹರಿಹರಕ್ಕೆ, ತವರಿಗೆ, ಮಗಳನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಆಸ್ಪತ್ರೆಗೆ. ಒಂದೊಂದು ಹೊಂಡವೂ ನನಗೆ ಹೇಳದೆ ಬಂದದ್ದೇ. ಸೀರೆ ಹಿಡಿದುಕೋ ಅಂತ ಹೇಳಿದ್ದಾರೆ, ಹೊಂಡ ಬಂತು ಅಂತ ಒಂದು ದಿನ ಹೇಳಿದವರಲ್ಲ. ಆ ಹುಡುಗನ ಎದುರಿಗೆ ಇದನ್ನೆಲ್ಲ ಹೇಳಲು ಆಗುತ್ತದಾ? ಬಾಯಿ ಮುಚ್ಚಿಕೊಂಡೆ.

ಆಮೇಲಿನದ್ದು ಬೇಗ ಮುಗಿಯಿತು. ಬ್ಯಾಂಕಿನೊಳಗೆ ಕೂತು ಅವನು ಮೊದಲು ಒಂದು ರೂಪಾಯಿ ಕಳಿಸಿದ. "ಬಂತಾ ಅಕ್ಕಾ? ಹೆಸರು ಸರಿ ಇದೆಯಾ?" ಆಮೇಲೆ 81,999. ಅವನ ಫೋನಿನ ಹಸಿರು ಟಿಕ್ ತೋರಿಸಿದ. ನಾನು ಅದನ್ನು ನೋಡಲಿಲ್ಲ, ನನ್ನ ಖಾತೆಯ ಬ್ಯಾಲೆನ್ಸ್ ತೆರೆದು ನೋಡಿದೆ. ಸ್ಕ್ರೀನ್‌ಶಾಟ್ ಯಾರು ಬೇಕಾದರೂ ಮಾಡುತ್ತಾರೆ. ಅಷ್ಟಾದ ಮೇಲೂ ಈ ಎಚ್ಚರ ಬಿಡಲಿಲ್ಲ ನಾನು, ಬಿಡಬೇಕು ಅಂತಲೂ ಅನ್ನಿಸಲಿಲ್ಲ. ಅವನೂ ಬಿಟ್ಟಿರಲಿಲ್ಲ. ನಮ್ಮ ಇನ್ಶೂರೆನ್ಸು, ಆರ್‌ಸಿ ಅವಧಿ ಎಲ್ಲವನ್ನೂ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಮೊದಲೇ ನೋಡಿಕೊಂಡೇ ಬಸ್ ಹತ್ತಿದ್ದ. ಹೋದ ವರ್ಷ ಇನ್ನೊಂದು ಊರಿನ ಗಾಡಿಗೆ ಹನ್ನೆರಡು ಸಾವಿರ ಅಡ್ವಾನ್ಸ್ ಕಳಿಸಿದ್ದನಂತೆ. ವಿಳಾಸ ಹುಡುಕಿಕೊಂಡು ಹೋದರೆ ಅಲ್ಲಿ ಮನೆಯೇ ಇಲ್ಲ, ಬರೀ ಒಂದು ಸ್ಕೂಲ್ ಕಾಂಪೌಂಡು. ಪೇಪರ್ ಪಕ್ಕ ಇಟ್ಟು ಫೋಟೋ ಕೇಳಿದ್ದಕ್ಕೆ ನನಗೆ ಬಂದಿದ್ದ ಕೋಪ ಅಲ್ಲೇ ಇಳಿಯಿತು.

ಫಾರಂಗಳಲ್ಲಿ ಒಂದು ಜಾಗವೂ ಖಾಲಿ ಬಿಡದೆ ತುಂಬಿ, ಆಮೇಲೆ ಸಹಿ ಹಾಕಿದರು. ಗಾಡಿ ಒಪ್ಪಿಸಿದ ಪತ್ರ ಎರಡು ಪ್ರತಿ ಬರೆದೆವು. ತಾರೀಖು, ಗಂಟೆ, ಮೀಟರ್ ಓಡಿದ ಕಿಲೋಮೀಟರ್ ಎಲ್ಲ ಹಾಕಿದೆ. 12 ಗಂಟೆ 20 ನಿಮಿಷ. ಹೆಸರು ಬದಲಾಗುವವರೆಗೆ ಆ ಪತ್ರ ಪೂರ್ತಿ ಕಾಪಾಡುವುದಿಲ್ಲ ಅಂತ ಗೊತ್ತು. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಚಾಲ್ತಿ ಇತ್ತು, ಅದೇ ಧೈರ್ಯ.

ಗಾಡಿಯನ್ನು ಪಾರ್ಸಲ್ ಮಾಡು ಅಂದರೆ ಕೇಳಲಿಲ್ಲ. ಹೊನ್ನಾಳಿ, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ ಇಳಿದು ಹೋಗುತ್ತೇನೆ ಅಂದ. ಅಲ್ಲಿಯವರೆಗೆ ಸುಮ್ಮನಿದ್ದ ಇವರಿಗೆ ಆಗ ಬಾಯಿ ಬಂತು. "ಘಾಟಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿಕೊಂಡು ಹೋಗಬೇಡ. ಇದಕ್ಕೆ ಆಯಿಲ್ ಹೋಗೋದೇ ಪೆಟ್ರೋಲ್ ಜೊತೆ. ಪೆಟ್ರೋಲ್ ನಿಂತರೆ ಆಯಿಲ್ಲೂ ನಿಲ್ಲುತ್ತೆ, ಪಿಸ್ಟನ್ ಹಿಡಕೊಳ್ಳುತ್ತೆ. ನಡುನಡುವೆ ಒಂಚೂರು ಕೊಡ್ತಾ ಇರು." ಅವನು ತಲೆ ಆಡಿಸಿದ. ಅದು ಅವನಿಗೆ ಗೊತ್ತಿತ್ತು ಅಂತ ಮುಖ ನೋಡಿದರೆ ತಿಳಿಯುತ್ತಿತ್ತು. ಆದರೂ ಪೂರ್ತಿ ಕೇಳಿಸಿಕೊಂಡ. ಒಳ್ಳೆಯ ಹುಡುಗ.

ಊಟ ಮಾಡಿಕೊಂಡು ಹೋಗು ಅಂದೆ. ತಡವಾಗುತ್ತದೆ ಅಕ್ಕಾ, ಮಳೆ ಹಿಡಿದರೆ ಘಾಟಿ ಕಷ್ಟ ಅಂದ. ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿ ಬ್ಯಾಗಿಗೆ ತುರುಕಿದೆ. ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ನಮ್ಮ ಮನೆಯಲ್ಲಿ ಒಂದು ದಿನವೂ ಮೂರಕ್ಕೆ ಕಡಿಮೆ ಆದದ್ದಲ್ಲ.

ರಾತ್ರಿ ಒಂಬತ್ತೂವರೆಗೆ ಮೆಸೇಜ್ ಬಂತು. ಮಂಗಳೂರು ತಲುಪಿದೆ, ಹೆಂಡತಿಗೂ ಹೇಳಿದೆ ಅಂತ.

ಬ್ಯಾಂಕಿನಿಂದ ಮನೆಗೆ ಇವರು ನನ್ನ ಸ್ಕೂಟಿಯ ಹಿಂದೆ ಕೂತು ಬಂದರು. ಬೇರೆ ಗಾಡಿ ಇರಲಿಲ್ಲ. ಕೈ ಎಲ್ಲಿಡಬೇಕು ಅಂತ ಮತ್ತೆ ಅದೇ ಒದ್ದಾಟ. ಮೊದಲನೇ ಹೊಂಡಕ್ಕೆ ನಾನು ಹೇಳಲಿಲ್ಲ. ಎರಡನೆಯದಕ್ಕೆ ಹೇಳಿದೆ.